ಅಮ್ಮನ ಗೋಡೆಗೊಂದು ಬಾಗಿಲಿತ್ತು

ಹಾನ್‌ಮೊರು ಹಳ್ಳಿ
ಏಪ್ರಿಲ್ 9

ಸೆರ್ಯೊಂಗ್,

ಈ ಕಾಗದದಲ್ಲಿ ಆಶೀರ್ವಾದ ಇಲ್ಲ. ಸಿಟ್ಟು ಇಳಿದ ಮೇಲೆ ಬೇರೆ ಕಳಿಸುತ್ತೇನೆ.

‘ಫೋನ್ ಮಾಡಬಾರದಿತ್ತೇ ಅತ್ತೆ’ ಅನ್ನುತ್ತೀ. ಮಾಡಿದ್ದೆನಲ್ಲ. ನೀನು ‘ಮೀಟಿಂಗ್‌ನಲ್ಲಿದ್ದೀನಿ, ಆಮೇಲೆ ಮಾಡ್ತೀನಿ’ ಅಂದೆ. ಅದು ನನ್ನ ತಮ್ಮನ ಮಗಳ ದನಿಯಲ್ಲ, ಸರ್ಕಾರದ ದನಿ. ಕಾಗದವಾದರೆ ನೀನು ಫೋನಿನ ಹಾಗೆ ನಡುವೆ ಇಟ್ಟುಬಿಡುವ ಹಾಗಿಲ್ಲ. ಗೊಬ್ಬರದ ಚೀಲ ನೋಡಿಕೊಂಡು ಅಕ್ಷರ ಕಲಿತವಳು ನಾನು, ತಪ್ಪಿದ್ದರೆ ತಿದ್ದಿಕೊಂಡು ಓದು.

ನಿನ್ನೆ ಮಳೆ ಬಿಟ್ಟಿತ್ತು. ಪಲ್ಯಕ್ಕೆ ಜರೀಗಿಡದ ಕುಡಿ ಮುರಿದು ತರೋಣ ಅಂತ ಗುಡ್ಡಕ್ಕೆ ಹೋದವಳು, ಬರುವಾಗ ಅಮ್ಮನ ಹೊಲದ ಕಡೆ ತಿರುಗಿದೆ. ಚಳಿಗಾಲ ಪೂರ್ತಿ ಮಂಡಿನೋವು, ಆ ಕಡೆ ಹೋಗಿರಲಿಲ್ಲ. ಹೋಗಿ ನೋಡಿದರೆ ಹೊಲವೇ ಗುರುತು ಸಿಗಲಿಲ್ಲ. ಗೋಡೆಯನ್ನು ನೂಲು ಹಿಡಿದ ಹಾಗೆ ನೆಟ್ಟಗೆ ಮಾಡಿದ್ದಾರೆ. ಕಪ್ಪು ಕಲ್ಲಿನ ನಡುನಡುವೆ ಬಿಳಿ ಸಿಮೆಂಟು, ಮುದುಕನಿಗೆ ಕಟ್ಟಿಸಿದ ಹಲ್ಲಿನ ಹಾಗೆ. ಮೂಲೆಯಲ್ಲೊಂದು ಬೋರ್ಡು: ‘ಸಂರಕ್ಷಿತ ಗ್ರಾಮೀಣ ಭೂದೃಶ್ಯ. ನಮ್ಮ ಪರಂಪರೆ. ಕಲ್ಲು ಮುಟ್ಟಿದರೆ ಶಿಕ್ಷೆ.’ ಕೆಳಗೆ ನಿನ್ನ ಆಫೀಸಿನ ಹೆಸರು.

ಆ ಗೋಡೆಯನ್ನು ಯಾರೂ ಕಟ್ಟಿದ್ದಲ್ಲ, ಮಗಳೇ. ನೇಗಿಲಿಗೆ ಸಿಕ್ಕ ಕಲ್ಲನ್ನು ಅಮ್ಮ, ಅವಳ ಅತ್ತೆ, ಆ ಅತ್ತೆಯ ಅತ್ತೆ ಎತ್ತಿ ಎತ್ತಿ ಬದಿಗಿಟ್ಟರು, ಅದೇ ಗೋಡೆಯಾಯಿತು. ನಡುವೆ ತೂತು ಬಿಟ್ಟೇ ಇಟ್ಟರು. ಈ ಜೆಜು ದ್ವೀಪದ ಗಾಳಿಯನ್ನು ಆ ಗೋಡೆ ತಡೆಯುತ್ತಿರಲಿಲ್ಲ, ಸೋಸುತ್ತಿತ್ತು. ನೀನು ಹಾಲುಗೂಸಾಗಿದ್ದಾಗ ಬಿದಿರುಬುಟ್ಟಿಯ ತೊಟ್ಟಿಲಲ್ಲಿ ನಿನ್ನನ್ನು ಅದೇ ಗೋಡೆಯ ಮಗ್ಗುಲಲ್ಲಿ ಮಲಗಿಸಿ ನಾವು ಕಳೆ ಕೀಳುತ್ತಿದ್ದೆವು. ಆ ತೂತಿನ ಗಾಳಿಗೆ ನೀನು ಅಳದೆ ನಿದ್ದೆ ಮಾಡುತ್ತಿದ್ದೆ.

ಅದನ್ನೂ ನುಂಗಿಕೊಳ್ಳುತ್ತಿದ್ದೆನೇನೋ. ಹೊಲದ ನಡುವೆ ಅಮ್ಮನ ಸಮಾಧಿ ಇದೆಯಲ್ಲ, ಅದರ ಸುತ್ತಿನ ಕಲ್ಲುಗೋಡೆಗೂ ಸಿಮೆಂಟು ಮೆತ್ತಿದ್ದಾರೆ. ಬಲಗಡೆ ಬಿಟ್ಟಿದ್ದ ಕಂಡಿಯನ್ನು ಮುಚ್ಚಿಬಿಟ್ಟಿದ್ದಾರೆ! ಹೆಂಗಸಿನ ಸಮಾಧಿಗೆ ಬಲಕ್ಕೆ, ಗಂಡಸಿನದಕ್ಕೆ ಎಡಕ್ಕೆ, ಸತ್ತವರು ಹೋಗಿ ಬಂದು ಮಾಡಲು ಬಾಗಿಲು ಬಿಡುತ್ತೇವಲ್ಲ, ಅದನ್ನು. ಅದರ ಅಡಿಗೆ ಹಾಸಿದ್ದ ಹೊಸ್ತಿಲು ಕಲ್ಲೂ ಇಲ್ಲ. ಗೋಡೆ ಕುಸಿದಿದೆ ಅಂದುಕೊಂಡರಂತೆ ಆ ಜಾಣರು.

ಪಕ್ಕದ ಹೊಲದ ಬು ಗಿಲ್ತೆಕ್ ಅಲ್ಲೇ ನಿಂತಿದ್ದ. ‘ಅಕ್ಕ, ಚೆನ್ನಾಗಿ ಮಾಡವ್ರೆ ಅಲ್ವಾ? ಟೀವಿಲಿ ಬರೋ ಹಂಗೈತೆ’ ಅಂದ. ‘ಟೀವಿಲಿ ನಿನ್ನ ಹೆಣ ಬರ್ಲಿ, ಆಚೆ ಹೋಗು’ ಅಂದೆ.

ನಿನ್ನ ಅಜ್ಜಿಯನ್ನು ಒಳಗೆ ಹಾಕಿ ಬೀಗ ಜಡಿದಿದ್ದಾರೆ. ತೆಗೆಸು.

ನಿನ್ನ ಅತ್ತೆ,
ಜ್ವಾ ಮಾನೋಕ್


ಜೆಜು ನಗರ
ಏಪ್ರಿಲ್ 20

ಅತ್ತೆ,

ನಿಮ್ಮ ಕಾಗದವನ್ನು ಆಫೀಸಿನಲ್ಲಿ ಓದಬಾರದಿತ್ತು. ಓದಿದೆ. ಪಕ್ಕದ ಮೇಜಿನವರು ‘ಯಾರಿಗಾದ್ರೂ ಹುಷಾರಿಲ್ವಾ?’ ಅಂತ ಕೇಳಿದರು.

ಸಿಮೆಂಟು ಹಾಕಲು ಒಪ್ಪಿಗೆ ಇದ್ದದ್ದು ರಸ್ತೆಗೆ ತಾಗಿದ ಗೋಡೆಗೆ ಮಾತ್ರ. ಪ್ರವಾಸಿಗರು ಹತ್ತಿ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ, ಬಿದ್ದರೆ ನಮ್ಮ ಮೇಲೆ ಬರುತ್ತದೆ. ಒಳಗಿನ ಹೊಲಗಳಿಗೂ ಮೆತ್ತಿದ್ದು ಕಂಟ್ರಾಕ್ಟರನ ಅತ್ಯುತ್ಸಾಹ. ಅವನಿಗೆ ಎಚ್ಚರಿಕೆ ಕೊಟ್ಟಿದ್ದೇನೆ.

ಆದರೆ ‘ಕಲ್ಲು ಮುಟ್ಟಬಾರದು’ ಅನ್ನುವ ನಿಯಮ ಬರೆದವಳು ನಾನೇ. ಅದಕ್ಕೆ ನಾನು ಕ್ಷಮೆ ಕೇಳುವುದಿಲ್ಲ. ನಿಮ್ಮ ಸುತ್ತ ಏನು ನಡೆಯುತ್ತಿತ್ತು ಅಂತ ನಿಮಗೆ ಗೊತ್ತಿಲ್ಲ. ಲಾರಿಗಟ್ಟಲೆ ಕಲ್ಲು ಹಡಗು ಹತ್ತಿ ಮುಖ್ಯ ಭೂಭಾಗಕ್ಕೆ ಹೋಗುತ್ತಿತ್ತು, ಹೋಟೆಲುಗಳ ಅಂಗಳಕ್ಕೆ ಅಲಂಕಾರಕ್ಕೆ. ಪಕ್ಕದ ಹಳ್ಳಿಯಲ್ಲಿ ಒಂದು ಇಡೀ ಇಳಿಜಾರು ಈಗ ಬೋಳಾಗಿದೆ. ಮೊದಲ ಕರಡಿನಲ್ಲಿ ರೈತರಿಗೆ ವಿನಾಯಿತಿ ಇಟ್ಟಿದ್ದೆ: ಕೊಯ್ಲಿನ ಯಂತ್ರ ಒಳಗೆ ಹೋಗಲು ಗೋಡೆ ಬಿಚ್ಚಿ ಮತ್ತೆ ಜೋಡಿಸಬಹುದು ಅಂತ. ನಿಮ್ಮ ಹಳ್ಳಿಯವರೇ ಒಬ್ಬರು ಹಾಗೆ ಬಿಚ್ಚಿದರು, ಜೋಡಿಸಲಿಲ್ಲ, ಮಾರಿಕೊಂಡರು. ಆಮೇಲೆ ವಿನಾಯಿತಿ ತೆಗೆದೆವು. ಯಾರು ಅಂತ ನಾನು ಹೇಳುವ ಹಾಗಿಲ್ಲ.

ಸಮಾಧಿಯ ವಿಷಯ ವಿಚಾರಿಸುತ್ತೇನೆ. ಮಂಡಿಗೆ ಬಿಸಿನೀರಿನ ಶಾಖ ಕೊಟ್ಟುಕೊಳ್ಳಿ.

ಸೆರ್ಯೊಂಗ್


ಹಾನ್‌ಮೊರು
ಏಪ್ರಿಲ್ 28

ಸೆರ್ಯೊಂಗ್,

ನೀನು ಹೇಳುವ ಹಾಗಿಲ್ಲದಿದ್ದರೆ ಬೇಡ. ಈ ಹಳ್ಳಿಯಲ್ಲಿ ಹೊಸ ಟ್ರಕ್ಕು ಕೊಂಡವನು ಒಬ್ಬನೇ.

ನೇರವಾಗಿ ಅವನ ಅಂಗಳಕ್ಕೇ ಹೋದೆ. ಗಿಲ್ತೆಕ್ ಬೆಳ್ಳುಳ್ಳಿ ಕಟ್ಟುತ್ತಾ ಕೂತಿದ್ದ.

‘ಏನೋ, ನಿಮ್ಮಪ್ಪ ಜೋಡಿಸಿದ ಗೋಡೆ ಎಲ್ಲೋ?’ ಅಂದೆ.

‘ಯಾವ ಗೋಡೆ ಅಕ್ಕ?’

‘ಮೂಡಲ ಕಡೇದು. ಯಂತ್ರ ಹೋಗ್ಬೇಕು ಅಂತ ಬಿಚ್ಚಿದ್ಯಲ್ಲ, ಅದು.’

‘ಓ, ಅದಾ... ಅದು ಗಾಳಿಗೆ...’

‘ಗಾಳಿಗೆ ಹಾರಿ ಹೋಗಿ ಕಡಲ ದಂಡೆಯ ಕಾಫಿ ಅಂಗಡಿ ಮುಂದೆ ಸಾಲಾಗಿ ನಿಂತ್ಕೊಂಡ್ವಾ?’

ಬೆಳ್ಳುಳ್ಳಿ ಕೆಳಗಿಟ್ಟ. ‘ಅಕ್ಕ, ಬರೀ ಎರಡು ಲೋಡು’ ಅಂದ. ಬರೀ ಅಂತೆ! ‘ಇಷ್ಟು ವರ್ಷ ಆ ಕಲ್ಲು ನನ್ನ ಸೊಂಟ ಮುರೀತು, ಒಂದ್ಸಲ ನನಗೂ ಅದರಿಂದ ಪ್ರಯೋಜನ ಆಗ್ಲಿ ಅಂದ್ಕೊಂಡೆ’ ಅಂದ. ಸೊಂಟದ ಮಾತು ಸುಳ್ಳಲ್ಲ, ಅದಕ್ಕೇ ಇನ್ನೂ ಸಿಟ್ಟು ಬಂತು. ಬೈಯಬೇಕಾದಷ್ಟು ಬೈದು ಬಂದೆ. ಬರುವಾಗ ಅವನ ಹೆಂಡತಿ ಕೊಟ್ಟ ಮೂಲಂಗಿ ದೋಸೆ ಮಾತ್ರ ಬೇಡ ಅನ್ನಲಾಗಲಿಲ್ಲ.

ಹಾಗಾದರೆ ನಿನ್ನ ನಿಯಮಕ್ಕೊಂದು ಕಾರಣ ಇದೆ. ಒಪ್ಪಿದೆ. ಆದರೆ ಒಬ್ಬ ಕಳ್ಳನಿಗೆ ಹೆದರಿ ಊರವರ ಕೈಯನ್ನೆಲ್ಲ ಕಟ್ಟಿದೆಯಲ್ಲ. ಈ ಗೋಡೆ ಇಷ್ಟು ಕಾಲ ನಿಂತದ್ದು ಯಾರೂ ಮುಟ್ಟಲಿಲ್ಲ ಅಂತ ಅಲ್ಲ, ಪ್ರತಿ ಕೊಯ್ಲಿಗೂ ಬಿಚ್ಚಿ ಮತ್ತೆ ಜೋಡಿಸಿದ್ದೇವೆ ಅಂತ. ಮುಟ್ಟುವವರಿಲ್ಲದ ಗೋಡೆ ಬರೀ ಕಲ್ಲು. ಅದನ್ನು ಕಾಫಿ ಅಂಗಡಿಯ ಮುಂದಿಟ್ಟರೇನು, ನಿನ್ನ ಬೋರ್ಡಿನ ಹಿಂದಿಟ್ಟರೇನು?

ನನಗೆ ಈಗ ಒಂದೇ ಬೇಕು. ಬರುವ ತಿಂಗಳು ಇಪ್ಪತ್ತೆರಡಕ್ಕೆ ಅಮ್ಮನಿಗೆ ಎಡೆ ಇಡುವ ದಿನ. ಅಷ್ಟರೊಳಗೆ ಕಂಡಿ ತೆಗೆಸು. ಬಾಗಿಲಿಲ್ಲದ ಮನೆಯಿಂದ ಅವಳು ಊಟಕ್ಕೆ ಹೇಗೆ ಬಂದಾಳು?

ಆಶೀರ್ವಾದ ಇನ್ನೂ ಡಬ್ಬಿಯಲ್ಲೇ ಇದೆ.

ಮಾನೋಕ್ ಅತ್ತೆ


ಜೆಜು ನಗರ
ಮೇ 15

ಅತ್ತೆ,

ಸಮಿತಿಯ ಮುಂದೆ ಇಟ್ಟೆ. ನಾನೇ ನಿಂತು ಮಾತಾಡಿದೆ. ಇಲ್ಲಿ ಸಮಾಧಿ ಗೋಡೆಗಳಿಗೆ ಕಂಡಿ ಬಿಡುವ ಪದ್ಧತಿ ಇರುವುದು ಅವರಿಗೂ ಗೊತ್ತು. ಆದರೆ ಎಲ್ಲ ಸಮಾಧಿಗಳಿಗೂ ಇರುವುದಿಲ್ಲವಂತೆ. ಈ ಗೋಡೆಗೆ ಮೂಲದಲ್ಲಿ ಕಂಡಿ ಇತ್ತು ಅನ್ನುವುದಕ್ಕೆ ಪುರಾವೆ ಬೇಕಂತೆ. ಕಂಡಿ ಚೆನ್ನಾಗಿ ಕಾಣುವ ಒಂದು ಹಳೆಯ ಫೋಟೋ ಇದ್ದರೂ ಸಾಕು. ಮನೆಯಲ್ಲಿ ಹುಡುಕಿ ನೋಡಿ. ಇಲ್ಲದಿದ್ದರೆ ಮುಂದಿನ ಸಭೆ ಇರುವುದು ಚಳಿಗಾಲಕ್ಕೆ.

ಇಪ್ಪತ್ತೆರಡನೇ ತಾರೀಕು ನಾನು ಬರಲಾಗುವುದಿಲ್ಲ. ಹೊರದೇಶದ ತಂಡವೊಂದು ಭೂದೃಶ್ಯ ನೋಡಲು ಬರುತ್ತಿದೆ, ಕರೆದುಕೊಂಡು ಹೋಗುವ ಕೆಲಸ ನನಗೇ ಬಿದ್ದಿದೆ. ಅಜ್ಜಿಗೆ ನನ್ನ ಪರವಾಗಿಯೂ ಒಂದು ಬಟ್ಟಲು ಹೆಂಡ ಸುರಿಯಿರಿ.

ಸೆರ್ಯೊಂಗ್


ಹಾನ್‌ಮೊರು
ಮೇ 24

ಜ್ವಾ ಸೆರ್ಯೊಂಗ್ ಮೇಡಂ ಅವರಿಗೆ,

ನಿಮ್ಮ ಅಜ್ಜಿಯ ಎಡೆ ಮುಗಿಯಿತು. ಬಿಳಿ ಅನ್ನ, ಕೆಂಪು ಮೀನು, ಜರಿಕುಡಿಯ ಪಲ್ಯ, ನವಣೆ ಕಡುಬು. ಅಮ್ಮ ಉಣ್ಣಲಿ ಅಂತ ಅನ್ನದಲ್ಲಿ ಚಮಚ ನೆಟ್ಟೆ. ಮನೆ ಬಾಗಿಲು ತೆರೆದಿಟ್ಟೆ. ಪ್ರತಿ ವರ್ಷ ಆ ಹೊತ್ತಿಗೆ ನನ್ನ ಬೆನ್ನಿಗೆ ಏನೋ ತಾಗಿದ ಹಾಗಾಗುತ್ತದೆ, ತಣ್ಣಗೆ, ಕಡಲಲ್ಲಿ ಮುಳುಗಿ ಚಿಪ್ಪು ತೆಗೆಯುತ್ತಿದ್ದ ಅಮ್ಮ ನೀರಿಂದೆದ್ದು ಬಂದು ಒದ್ದೆ ಕೈ ಇಟ್ಟ ಹಾಗೆ. ನಗಬೇಡ. ಈ ಸಲ ಏನೂ ಇಲ್ಲ. ಅನ್ನ ಹಾಗೇ ಆರಿತು. ನಿನ್ನ ಪರವಾಗಿ ಬಟ್ಟಲು ಸುರಿಯಲಿಲ್ಲ.

ಪುರಾವೆ ಕೇಳುತ್ತಾರಾ? ಅಮ್ಮನದೇ ಒಂದು ಫೋಟೋ ಇಲ್ಲ ನಮ್ಮ ಮನೆಯಲ್ಲಿ, ಗುರುತಿನ ಚೀಟಿಯದು ಬಿಟ್ಟರೆ. ಇನ್ನು ಅವಳ ಸಮಾಧಿಯ ಕಂಡಿಗೆ ಯಾರು ಕ್ಯಾಮೆರಾ ಹಿಡಿಯುತ್ತಿದ್ದರು? ನಿಮ್ಮ ಸಮಿತಿಯವರನ್ನು ಕೇಳು: ಅವರ ತಾಯಂದಿರು ನಡೆದು ಬರುತ್ತಿದ್ದರು ಅನ್ನುವುದಕ್ಕೆ ಅವರ ಹತ್ತಿರ ಏನು ಪುರಾವೆ ಇದೆ?

ಇನ್ನೊಂದು ಮಾತು. ನಿನ್ನೆ ಸಿಮೆಂಟಿನ ಕಂಟ್ರಾಕ್ಟರ್ ರಸ್ತೆ ಪಕ್ಕದ ಕೆಳಗಿನ ಹೊಲಕ್ಕೆ ಬಂದಿದ್ದ. ಅವನ ಯಂತ್ರದ ಮುಂದೆ ಹೋಗಿ ನಿಂತೆ. ‘ಅಜ್ಜಿ, ದಮ್ಮಯ್ಯ, ಪಕ್ಕಕ್ಕೆ ಬನ್ನಿ’ ಅಂದ. ‘ಸತ್ತವರ ಬಾಗಿಲು ಮುಚ್ಚೋಕೆ ನಿಂಗೆ ಯಾವನೋ ಹೇಳಿದ್ದು?’ ಅಂದೆ. ‘ನನ್ನನ್ಯಾಕೆ ಬೈತೀರಿ? ಮುಂಚಿನ ಫೋಟೋ, ಆಮೇಲಿನ ಫೋಟೋ, ಎರಡೂ ಕಳ್ಸಿದ್ದೀನಿ. ಜ್ವಾ ಮೇಡಂ ಅವ್ರೇ ನೋಡಿ ಸರಿ ಇದೆ ಅಂತ ಸಹಿ ಹಾಕಿದ್ದು’ ಅಂದ.

ಸಹಿ ನಿನ್ನದು.

ಆರು ವರ್ಷದಿಂದ ಸಮಾಧಿಯ ಹುಲ್ಲು ಕೊಯ್ಯುವ ದಿನಕ್ಕೆ ನೀನು ಬಂದಿಲ್ಲ. ಹಬ್ಬಕ್ಕೆ ಬರದಿದ್ದರೆ ಊರು ಮಾತಾಡಿಕೊಳ್ಳುವುದಿಲ್ಲ, ಹುಲ್ಲು ಕೊಯ್ಯಲು ಬರದಿದ್ದರೆ ಮಾತಾಡಿಕೊಳ್ಳುತ್ತದೆ. ನೀನು ಕಂಪನಿಗೆ ದುಡ್ಡು ಕಟ್ಟಿ ಇಬ್ಬರು ಹುಡುಗರನ್ನು ಕಳಿಸುತ್ತಿದ್ದೆ. ಅವರು ಮೆಷಿನ್ನಲ್ಲಿ ಹುಲ್ಲು ಸವರಿ, ನಿನಗೆ ಬರೀ ದಿಬ್ಬದ ಫೋಟೋ ಕಳಿಸಿ, ಹೋಗುತ್ತಿದ್ದರು. ಬರೀ ಫೋಟೋ ನೋಡಿ ನೋಡಿ ನಿನಗೆ ಅಜ್ಜಿಯ ಬಾಗಿಲು ಯಾವುದು, ಬಿದ್ದ ಗೋಡೆ ಯಾವುದು ಅಂತ ಗೊತ್ತಾಗದೆ ಹೋಯಿತಾ?

ಉತ್ತರ ಬರೆಯಬೇಡ.

ಜ್ವಾ ಮಾನೋಕ್


ಹಾನ್‌ಮೊರು
ಜುಲೈ 30

ಸೆರ್ಯೊಂಗ್,

ಬರೆಯಬೇಡ ಅಂದರೆ ಬರೆಯದೇ ಇದ್ದುಬಿಡುವುದಾ? ಚಿಕ್ಕಂದಿನಲ್ಲಿ ನೆಟ್ಟಗೆ ಕೂರು ಅಂದರೆ ಒಂದು ದಿನ ಕೇಳಿದವಳಲ್ಲ, ಇದೊಂದು ಕೇಳಿದೆ.

ಗಜ್ಜರಿ ಬೀಜ ಹಾಕಿ ಆಗಿತ್ತು. ಮೊಳಕೆ ಈಗಷ್ಟೇ ಕೂದಲಿನ ಹಾಗೆ ಎದ್ದಿತ್ತು. ಮೊನ್ನೆ ಗಾಳಿ ಬಂತು. ದೊಡ್ಡದೇನಲ್ಲ, ಹೆಸರಿಡುವಂಥ ಚಂಡಮಾರುತವೂ ಅಲ್ಲ. ನಿಮ್ಮ ಸಿಮೆಂಟು ಗೋಡೆ ಅಲ್ಲಾಡಲಿಲ್ಲ, ಗಟ್ಟಿಯಾಗೇ ಇದೆ, ಸಂತೋಷಪಡು. ಒಳಗೆ ನುಗ್ಗಲು ತೂತು ಸಿಗದ ಗಾಳಿ ಗೋಡೆ ಹಾರಿ ಬಂದು ಹೊಲದ ನಡುವೆ ಅಪ್ಪಳಿಸಿತು. ಮಣ್ಣು ಎದ್ದು ಹೋಯಿತು, ಮೊಳಕೆಯೂ ಹೋಯಿತು. ಮತ್ತೆ ಬಿತ್ತಬೇಕು. ಗಿಲ್ತೆಕ್ ತನ್ನ ಬೀಜದಲ್ಲಿ ಅರ್ಧ ತಂದುಕೊಟ್ಟ. ತಗೊಂಡೆ, ಆದರೆ ಮಾತಾಡಿಸಲಿಲ್ಲ.

ಇದರ ಜೊತೆ ಒಣಗಿಸಿದ ಜರಿಕುಡಿ ಕಳಿಸಿದ್ದೇನೆ. ಏಪ್ರಿಲಿನದು. ಸಿಟ್ಟಿಗೂ ಜರಿಕುಡಿಗೂ ಸಂಬಂಧ ಇಲ್ಲ. ನೆನೆಸಿ, ನೀರು ಚೆಲ್ಲಿ, ಆಮೇಲೆ ಬೇಯಿಸು. ಹೋದ ಸಲ ನೀರು ಚೆಲ್ಲದೆ ಕಹಿ ಮಾಡಿಕೊಂಡಿದ್ದೆ.

ಅತ್ತೆ


ಜೆಜು ನಗರ
ಆಗಸ್ಟ್ 18

ಅತ್ತೆ,

ನೀರು ಚೆಲ್ಲಿಯೇ ಬೇಯಿಸಿದೆ. ಈ ಸಲ ಕಹಿ ಇರಲಿಲ್ಲ.

ಆ ಫೋಟೋಗಳನ್ನು ಮತ್ತೆ ತೆಗೆದು ನೋಡಿದೆ. ಮುಂಚಿನದು ಹೋದ ವರ್ಷ ಹುಲ್ಲು ಕೊಯ್ಯುವುದಕ್ಕೆ ಮೊದಲು ತೆಗೆದದ್ದು, ಹುಲ್ಲು ಎದೆಯುದ್ದ ಬೆಳೆದಿದೆ. ಗೋಡೆಯಲ್ಲಿ ಒಂದು ಕಡೆ ಕತ್ತಲೆ ಇದೆ, ಅಷ್ಟೇ. ಕೆಳಗೆ ಸಮಾಧಿಯ ನಂಬರು ಇದೆ, ಹೆಸರಿಲ್ಲ. ಇದನ್ನು ನೆಪವಾಗಿ ಬರೆಯೋಣ ಅಂತ ಹಲವು ಸಲ ಕೂತೆ. ಬರೆದು ಓದಿದರೆ ನಾಚಿಕೆಯಾಗುತ್ತಿತ್ತು. ಅಜ್ಜಿಯ ಸಮಾಧಿ ನನ್ನ ಕಣ್ಣ ಮುಂದೆ ಇತ್ತು, ನನಗೆ ಗುರುತು ಸಿಗಲಿಲ್ಲ. ಇಷ್ಟು ಹೇಳಲು ಇಷ್ಟು ದಿನ ಬೇಕಾಯಿತು.

ಸೆಪ್ಟೆಂಬರ್ ಹದಿಮೂರಕ್ಕೆ ಹುಲ್ಲು ಕೊಯ್ಯಲು ಬರುತ್ತೇನೆ. ಕಂಪನಿಗೆ ಬೇಡ ಅಂದಿದ್ದೇನೆ. ಕುಡುಗೋಲು ನಿಮ್ಮದು, ಹಾರೆ ನಾನು ತರುತ್ತೇನೆ.

ಒಂದು ಮಾತು ನಡೆಸಿಕೊಡಿ. ಅಲ್ಲಿವರೆಗೆ ನೀವು ಆ ಗೋಡೆಗೆ ಕೈ ಹಚ್ಚಬೇಡಿ, ಬೇರೆ ಯಾರಿಗೂ ಬಿಡಬೇಡಿ. ನಿಯಮ ಬರೆದ ಕೈ ನನ್ನದು, ಸಹಿ ಹಾಕಿದ್ದೂ ಅದೇ. ಒಡೆಯುವುದೂ ಅದೇ ಆಗಲಿ.

ಸೆರ್ಯೊಂಗ್


ಹಾನ್‌ಮೊರು
ಅಕ್ಟೋಬರ್ 6

ಮಗಳೇ ಸೆರ್ಯೊಂಗ್,

ನಿನ್ನನ್ನು ಭೂದೃಶ್ಯದ ಕೆಲಸದಿಂದ ತೆಗೆದು ಮ್ಯೂಸಿಯಮ್ಮಿನ ಟಿಕೆಟ್ ಕಿಟಕಿಯಲ್ಲಿ ಕೂರಿಸಿದ್ದಾರೆ ಅಂತ ನಿನ್ನಮ್ಮ ಫೋನಿನಲ್ಲಿ ಹೇಳಿದಳು. ನಿನ್ನ ಮೇಲೆ ನೀನೇ ದೂರು ಬರೆದು ಕೊಟ್ಟೆಯಂತೆ. ‘ಅಪರಾಧಿಯ ಹೆಸರು: ಜ್ವಾ ಸೆರ್ಯೊಂಗ್. ದೂರು ಕೊಟ್ಟವರು: ಜ್ವಾ ಸೆರ್ಯೊಂಗ್.’ ನಿನ್ನಮ್ಮ ಅಳುತ್ತಿದ್ದಳು. ನನಗೆ ನಗು ಬಂತು, ಆಮೇಲೆ ಫೋನಿಟ್ಟು ನಾನೂ ಅತ್ತುಬಿಟ್ಟೆ.

ಹುಲ್ಲು ಕೊಯ್ದ ಆ ದಿನ ನೀನು ನಮಗೆಲ್ಲ ಬೆನ್ನು ಹಾಕಿ ಗೋಡೆಯೆದುರು ನಿಂತಿದ್ದೆ. ನಿನಗೆ ಕಾಣದ್ದನ್ನು ನಾನು ಹೇಳುತ್ತೇನೆ.

ನೀನು ಹಾರೆಯನ್ನು ಸಂದಿಗೆ ಇಟ್ಟಾಗ ನಿನ್ನ ದೊಡ್ಡಪ್ಪನ ಮಕ್ಕಳೆಲ್ಲ ಮೆಷಿನ್ ನಿಲ್ಲಿಸಿಬಿಟ್ಟರು. ‘ಯಾರಾದ್ರೂ ಹಿಡ್ಕೊಳ್ರೋ, ಕೆಲಸ ಹೋಗುತ್ತೆ ಅವಳ್ದು’ ಅಂದ ಹಿರಿಯವನು. ‘ನೀನೇ ಹೋಗಿ ಹಿಡ್ಕೋ, ಕೈಯಲ್ಲಿ ಹಾರೆ ಐತೆ’ ಅಂದ ಕಿರಿಯವನು. ಯಾರೂ ಹೋಗಲಿಲ್ಲ. ಮೊದಲ ಏಟಿಗೆ ಸಿಮೆಂಟು ಬಿಡಲಿಲ್ಲ, ಹಾರೆ ಜಾರಿ ನಿನ್ನ ಕಾಲ ಮೇಲೆ ಬಿತ್ತು, ನೀನು ಈ ದ್ವೀಪದ ಹೆಂಗಸರು ಮಾತ್ರ ಆಡುವ ಒಂದು ಮಾತು ಆಡಿದೆ. ನಗರಕ್ಕೆ ಹೋಗಿ ಅದನ್ನು ಮರೆತಿದ್ದೀ ಅಂದುಕೊಂಡಿದ್ದೆ. ಅಜ್ಜಿ ಒಳಗಿಂದ ಕೇಳಿಸಿಕೊಂಡು ಖುಷಿಪಟ್ಟಿರಬೇಕು.

ಅಷ್ಟರಲ್ಲಿ ಗಿಲ್ತೆಕ್ ಕೈಗಾಡಿ ತಳ್ಳಿಕೊಂಡು ಬಂದ. ಗಾಡಿಯಲ್ಲಿ ಚಪ್ಪಟೆ ಕಲ್ಲು. ‘ಅಕ್ಕ, ನಿಮ್ಮಮ್ಮನ ಹೊಸ್ತಿಲು. ಸಿಮೆಂಟಿನೋರು ಬಿಸಾಕಿದ್ರು, ನಾನು ಜೋಪಾನವಾಗಿ ಎತ್ತಿಟ್ಟಿದ್ದೆ’ ಅಂದ.

‘ಜೋಪಾನವಾಗಿ ಎಲ್ಲಿಟ್ಟಿದ್ದೆ?’

‘ಮನೆ ಮುಂದೆ.’

‘ಮನೆ ಮುಂದೆ ಎಲ್ಲಿ?’

‘... ಚಪ್ಪಲಿ ಬಿಡೋ ಜಾಗದಲ್ಲಿ.’

ನಿನ್ನ ಕೈಯಿಂದ ಹಾರೆ ಕಿತ್ತುಕೊಂಡು ಅವನ ತಲೆಗೆ ಕೊಡಬೇಕು ಅನ್ನಿಸಿತು. ಆದರೆ ಕಲ್ಲನ್ನು ತಿಕ್ಕಿ ತೊಳೆದು ತಂದಿದ್ದ. ನೀನು ಕಂಡಿ ಬಿಡಿಸಿ ಮುಗಿಸಿದ ಮೇಲೆ ಅವನೇ ಮಂಡಿಯೂರಿ ಅದನ್ನು ಕೂರಿಸಿದ. ನೀನು ಆಗ ನೀರು ಕುಡಿಯಲು ಹೋಗಿದ್ದೆ. ಕೂರಿಸಿ, ತಲೆ ಬಾಗಿಸಿ, ‘ತಪ್ಪಾಯ್ತು’ ಅಂದ. ಅಮ್ಮನಿಗೆ ಅಂದನೋ, ಯಾರಿಗೆ ಅಂದನೋ. ನಾನು ಕೇಳಿಸಿಕೊಳ್ಳದ ಹಾಗೆ ನಿಂತೆ.

ಈಗ ಮುಖ್ಯ ಸುದ್ದಿ. ಹೋದ ಗುರುವಾರ ನಿಮ್ಮ ಆಫೀಸಿನಿಂದ ಇಬ್ಬರು ಬಂದಿದ್ದರು. ಒಬ್ಬ ಕೋಟಿನವನು, ಒಬ್ಬಳು ಕ್ಯಾಮೆರಾದವಳು. ‘ಹಾನಿಯಾದ ಭಾಗ ಎಲ್ಲಿ?’ ಅಂತ ಕೇಳಿದರು. ಕರೆದುಕೊಂಡು ಹೋಗಿ ತೋರಿಸಿದೆ. ಎದುರಿನಿಂದ, ಪಕ್ಕದಿಂದ, ಮೇಲಿನಿಂದ, ಹೊಸ್ತಿಲಿನ ಹತ್ತಿರ ಅಳತೆಪಟ್ಟಿ ಇಟ್ಟುಕೊಂಡು, ಒಟ್ಟು ಎಷ್ಟು ಫೋಟೋ ತೆಗೆದರೋ! ‘ಇವೆಲ್ಲ ಏನ್ಮಾಡ್ತೀರಪ್ಪ?’ ಅಂದೆ. ‘ತಾರೀಕು ಹಾಕಿ, ಮೊಹರು ಒತ್ತಿ, ದಾಖಲೆಗೆ ಸೇರಿಸ್ತೀವಿ ಅಜ್ಜಿ. ಯಾವತ್ತೂ ಅಳಿಸೋಕಾಗಲ್ಲ’ ಅಂದ, ನನ್ನನ್ನು ಹೆದರಿಸಲು.

‘ಕಂಡಿ ಚೆನ್ನಾಗಿ ಕಾಣುತ್ತಾ?’ ಅಂದೆ. ಕ್ಯಾಮೆರಾದವಳು ತೋರಿಸಿದಳು. ತುಂಬಾ ಚೆನ್ನಾಗಿ ಕಾಣುತ್ತದೆ.

ನಿಮ್ಮ ಸಮಿತಿಯವರು ಫೋಟೋ ಕೇಳಿದ್ದರಲ್ಲ. ಸರ್ಕಾರವೇ ತೆಗೆದಿದೆ, ಸರ್ಕಾರವೇ ಇಟ್ಟುಕೊಳ್ಳುತ್ತದೆ. ನಾನು ಸತ್ತು, ನೀನು ಮುದುಕಿಯಾಗಿ, ಇನ್ಯಾರೋ ಜಾಣ ಸಿಮೆಂಟು ಕಲಸಿಕೊಂಡು ಬಂದರೆ, ಈ ಗೋಡೆಗೆ ಬಾಗಿಲಿತ್ತು ಅನ್ನುವುದಕ್ಕೆ ಅವನ ಕಪಾಟಿನಲ್ಲೇ ಪುರಾವೆ ಇರುತ್ತದೆ. ಕೋಟಿನವನಿಗೆ ಇದು ಹೊಳೆಯಲಿಲ್ಲ. ನಾನೂ ಹೇಳಲಿಲ್ಲ. ಕಿತ್ತಳೆ ಕೊಟ್ಟು ಕಳಿಸಿದೆ.

ಸಿಟ್ಟು ಇಳಿಯಿತಾ ಅಂತ ಕೇಳುತ್ತೀ. ಇಳಿದಿಲ್ಲ. ಹೊಲದ ಗೋಡೆ ಇನ್ನೂ ಹಾಗೇ ಇದೆ, ಗಾಳಿ ಇನ್ನೂ ಹಾರಿ ಬಂದು ಬೀಳುತ್ತಿದೆ. ಆದರೂ ಆಶೀರ್ವಾದ ಕಳಿಸುತ್ತಿದ್ದೇನೆ, ಏಪ್ರಿಲಿನಿಂದ ಇಟ್ಟದ್ದೂ ಸೇರಿ. ಟಿಕೆಟ್ ಕಿಟಕಿಯಲ್ಲಿ ಕೂತಾಗಲೂ ಬೆನ್ನು ನೆಟ್ಟಗಿಟ್ಟುಕೋ.

ಹಾರೆ ಇಲ್ಲೇ ಮರೆತು ಹೋಗಿದ್ದೀ. ಕಳಿಸುವುದಿಲ್ಲ. ಕೆಳಗಿನ ಹೊಲಗಳಲ್ಲಿ ಇನ್ನೂ ನಾಲ್ಕು ಮನೆಯವರ ಅಮ್ಮಂದಿರು ಸಿಮೆಂಟಿನ ಒಳಗೇ ಇದ್ದಾರೆ.

ನಿನ್ನ ಅತ್ತೆ,
ಜ್ವಾ ಮಾನೋಕ್